ಆರೋಗ್ಯಕರ ಊಟ ನಿಜಕ್ಕೂ ದುಬಾರಿಯೇ? ಲೆಕ್ಕ ಹಾಕುವುದು ಹೇಗೆ?

ಮನೆಲೆಕ್ಕ (ಪ್ರಶ್ನೆ)

ಊಟದ ಖರ್ಚಿನ ಬಗ್ಗೆ ಒಂದಕ್ಕೊಂದು ತದ್ವಿರುದ್ಧವಾದ ಎರಡು ಮಾತುಗಳನ್ನು ಅಷ್ಟೇ ಖಚಿತವಾಗಿ ಹೇಳುವವರನ್ನು ನಾನು ಓದುತ್ತ ಬಂದಿದ್ದೇನೆ. ಆರೋಗ್ಯಕರವಾಗಿ ಉಣ್ಣುವುದು ಉಳ್ಳವರಿಗೆ ಮಾತ್ರ ಸಾಧ್ಯ, ಇಲ್ಲದವರು ಪೊಟ್ಟಣದ ತಿನಿಸನ್ನು ಕೊಳ್ಳುವುದು ಅದು ಅಗ್ಗವಾಗಿರುವ ಕಾರಣಕ್ಕೇ ಎಂದು ಕೆಲವರು ಹೇಳುತ್ತಾರೆ. ಧಾನ್ಯ, ಬೇಳೆಕಾಳು, ತರಕಾರಿ ತಂದು ಬೇಯಿಸಿಕೊಂಡರೆ ಅದಕ್ಕಿಂತ ಅಗ್ಗದ ಊಟವೇ ಇಲ್ಲ, ದುಬಾರಿ ಎನ್ನುವುದು ಮೈಗಳ್ಳರ ನೆಪ ಎಂದು ಉಳಿದವರು ಹೇಳುತ್ತಾರೆ. ಎರಡೂ ಕಡೆಯವರು ಅಂಕಿಅಂಶಗಳನ್ನು ಮುಂದಿಡುತ್ತಾರೆ, ಮತ್ತು ಓದುವಾಗ ಇಬ್ಬರದೂ ಸರಿಯೆನಿಸುತ್ತದೆ.

ನಮ್ಮ ಮನೆಯಲ್ಲಿ ನಾಲ್ವರಿದ್ದೇವೆ, ಅವರಲ್ಲಿ ಇಬ್ಬರು ಚಿಕ್ಕ ಮಕ್ಕಳು. ದಿನಸಿಯ ಖರ್ಚನ್ನು ನಾನೇ ಬರೆದಿಡುತ್ತೇನೆ. ಆದರೆ ಈ ಎರಡು ಬಗೆಯ ಊಟಗಳನ್ನು ಹೋಲಿಸಲು ಕುಳಿತರೆ ಯಾವುದರ ಎದುರಿಗೆ ಯಾವುದನ್ನು ಇಡಬೇಕೆಂಬುದೇ ತಿಳಿಯುವುದಿಲ್ಲ. ಒಂದು ಕಿಲೋ ಹಣ್ಣಿನ ಎದುರಿಗೆ ಒಂದು ಕಿಲೋ ಬಿಸ್ಕತ್ತನ್ನು ಇಡುವುದು ಸರಿಯೇ, ಅಥವಾ ಎರಡರಿಂದಲೂ ಸಿಗುವ ಕ್ಯಾಲರಿಯನ್ನು ನೋಡಬೇಕೇ? ಅಡುಗೆಗೆ ಹಿಡಿಯುವ ಹೊತ್ತು, ಉರುವಲು, ಕೊಳೆತು ಎಸೆದ ತರಕಾರಿ, ಮಕ್ಕಳು ತಟ್ಟೆಯಲ್ಲೇ ಬಿಟ್ಟದ್ದು, ಇವುಗಳನ್ನು ಯಾವ ಬಾಬಿಗೆ ಸೇರಿಸಬೇಕು? ಮುಂದೆ ಬರಬಹುದಾದ ಕಾಯಿಲೆಯ ಖರ್ಚನ್ನು ಇಂದಿನ ಊಟದ ಲೆಕ್ಕದಲ್ಲಿ ತೋರಿಸುವುದು ನ್ಯಾಯವೇ?

ಹಿತಮಿತವಾಗಿ ತಿನ್ನಬೇಕೆಂಬ ಸಲಹೆ ನನಗೆ ಬೇಕಾಗಿಲ್ಲ. ಲೆಕ್ಕದ ಕ್ರಮವನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಅಳತೆಗೋಲು (ಉತ್ತರ)

ನೀವು ಓದಿರುವ ಎರಡೂ ಮಾತುಗಳು ಅವುಗಳ ಅಳತೆಯ ಮಟ್ಟಿಗೆ ನಿಜ. ಬೆಲೆಯನ್ನು ಯಾವುದರಿಂದ ಭಾಗಿಸುತ್ತೀರಿ ಎಂಬುದರ ಮೇಲೆ ಉತ್ತರ ತಲೆಕೆಳಗಾಗುತ್ತದೆ.

ಅಮೆರಿಕದ ಕೃಷಿ ಇಲಾಖೆಯ ಅರ್ಥಶಾಸ್ತ್ರಜ್ಞರಾದ ಆಂಡ್ರಿಯಾ ಕಾರ್ಲ್‌ಸನ್ ಮತ್ತು ಎಲಿಜಬೆತ್ ಫ್ರಜಾವೊ 2012ರಲ್ಲಿ ಇದನ್ನೇ ಪರೀಕ್ಷಿಸಿದರು. ಕ್ಯಾಲರಿಯೊಂದಕ್ಕೆ ಎಷ್ಟು ಹಣ ಎಂದು ನೋಡಿದಾಗ ತರಕಾರಿ ಮತ್ತು ಹಣ್ಣುಗಳು ದುಬಾರಿಯಾಗಿಯೂ, ಸಕ್ಕರೆ, ಉಪ್ಪು, ಜಿಡ್ಡು ಹೆಚ್ಚಿರುವ ತಿನಿಸುಗಳು ಅಗ್ಗವಾಗಿಯೂ ಕಂಡವು. ಅವೇ ಪದಾರ್ಥಗಳನ್ನು ತಿನ್ನಲು ಬರುವ ಭಾಗದ ತೂಕದಿಂದ ಅಥವಾ ಒಬ್ಬರು ಸಾಮಾನ್ಯವಾಗಿ ಒಂದು ಸಲಕ್ಕೆ ತಿನ್ನುವ ಪ್ರಮಾಣದಿಂದ ಭಾಗಿಸಿದಾಗ ಧಾನ್ಯ, ತರಕಾರಿ, ಹಣ್ಣು, ಹಾಲು ಇವು ಆ ತಿನಿಸುಗಳಿಗಿಂತ ಅಗ್ಗವಾದವು. ಅಂಗಡಿಯ ಬೆಲೆ ಎರಡು ಸಲವೂ ಒಂದೇ ಆಗಿತ್ತು, ಬದಲಾದದ್ದು ಅಳತೆ ಮಾತ್ರ.

ಇದಕ್ಕೆ ಕಾರಣ ಬಹುಮಟ್ಟಿಗೆ ನೀರು. ನೂರು ಗ್ರಾಂ ಸೊಪ್ಪಿನಲ್ಲಿ ಇಪ್ಪತ್ತು ಇಪ್ಪತ್ತೈದು ಕ್ಯಾಲರಿ ಇರುತ್ತದೆ, ನೂರು ಗ್ರಾಂ ಎಣ್ಣೆಯಲ್ಲಿ ಸುಮಾರು 900 ಇರುತ್ತದೆ. ದಿನಕ್ಕೆ 2,000 ಕ್ಯಾಲರಿಯನ್ನು ಬರಿಯ ಸೊಪ್ಪಿನಿಂದ ಪಡೆಯಬೇಕಾದರೆ ಎಂಟರಿಂದ ಹತ್ತು ಕಿಲೋ ಬೇಕಾಗುತ್ತದೆ. ಹಾಗೆ ಯಾರೂ ತಿನ್ನುವುದಿಲ್ಲವಾದ್ದರಿಂದ ಸೊಪ್ಪಿನ ಬೆಲೆಯನ್ನು ಕ್ಯಾಲರಿಯಿಂದ ಅಳೆಯುವುದು, ಅದನ್ನು ಕೊಳ್ಳುವ ಉದ್ದೇಶವನ್ನೇ ಬದಿಗಿಟ್ಟು ಅಳೆದಂತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 400 ಗ್ರಾಂ ಹಣ್ಣು ತರಕಾರಿ ತಿನ್ನಬೇಕೆಂದು ಹೇಳುವುದು ನಾರು, ಜೀವಸತ್ವ ಮತ್ತು ಖನಿಜಗಳಿಗಾಗಿ, ಹೊಟ್ಟೆ ತುಂಬುವುದಕ್ಕಾಗಿ ಅಲ್ಲ.

ಹಾಗೆಂದು ಕ್ಯಾಲರಿಯ ಅಳತೆಯನ್ನು ತಳ್ಳಿಹಾಕುವವರ ಜೊತೆಗೂ ನನ್ನ ಸಹಮತವಿಲ್ಲ. ಕೈಯಲ್ಲಿರುವ ಹಣ ಹಸಿವು ತಣಿಸಲಿಕ್ಕೇ ಸಾಲದಿದ್ದಾಗ ಮನುಷ್ಯ ಮೊದಲು ಕೊಳ್ಳುವುದು ಕ್ಯಾಲರಿಯನ್ನು, ಮತ್ತು ಅವನ ಆಯ್ಕೆ ಸಂಪೂರ್ಣವಾಗಿ ತರ್ಕಬದ್ಧವಾದದ್ದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇತರ ಸಂಸ್ಥೆಗಳ ಜೊತೆಗೂಡಿ ಹೊರತಂದ 2020ರ ವರದಿಯ ಪ್ರಕಾರ, ಆರೋಗ್ಯಕರ ಆಹಾರಕ್ರಮದ ವೆಚ್ಚವು ಪಿಷ್ಟದ ಧಾನ್ಯ ಅಥವಾ ಗೆಡ್ಡೆಯೊಂದರಿಂದಲೇ ಹೊಟ್ಟೆ ತುಂಬಿಸಿಕೊಳ್ಳುವ ವೆಚ್ಚಕ್ಕಿಂತ ಸರಾಸರಿ ಐದು ಪಟ್ಟು ಹೆಚ್ಚು, ಮತ್ತು ಅಂಥ ಆಹಾರ ಜಗತ್ತಿನ 300 ಕೋಟಿಗೂ ಹೆಚ್ಚು ಜನರ ಕೈಗೆ ಎಟುಕುತ್ತಿರಲಿಲ್ಲ. ಅಷ್ಟು ಜನರನ್ನು ಮೈಗಳ್ಳರೆನ್ನಲು ಯಾರಿಗೂ ಬಾಯಿ ಬರಬಾರದು.

ಮಧ್ಯಮ ಮತ್ತು ಶ್ರೀಮಂತ ಮಟ್ಟದಲ್ಲಿ ವ್ಯತ್ಯಾಸ ಎಷ್ಟು ಎಂಬುದಕ್ಕೆ 2013ರಲ್ಲಿ ಪ್ರಕಟವಾದ ಹಾರ್ವರ್ಡ್ ಸಂಶೋಧಕರ ವಿಶ್ಲೇಷಣೆ ಉಪಯುಕ್ತ. ಹತ್ತು ಶ್ರೀಮಂತ ದೇಶಗಳ 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಅವರಿಗೆ, ಅತ್ಯಂತ ಆರೋಗ್ಯಕರವಾದ ಆಹಾರಕ್ರಮಕ್ಕೂ ಅತ್ಯಂತ ಅನಾರೋಗ್ಯಕರವಾದುದಕ್ಕೂ ಒಬ್ಬರಿಗೆ ದಿನಕ್ಕೆ ಸುಮಾರು ಒಂದೂವರೆ ಡಾಲರ್ ಅಂತರ ಕಂಡಿತು. ವರದಿಗಾರರು ಇದನ್ನು ಒಂದು ಲೋಟ ಕಾಫಿಗಿಂತ ಕಡಿಮೆ ಎಂದು ಹಗುರವಾಗಿ ಬರೆಯುವುದುಂಟು. ನಾಲ್ಕು ಜನರ ಮನೆಗೆ, ಮೂವತ್ತು ದಿನಗಳಿಗೆ ಗುಣಿಸಿದರೆ ಅದು 180 ಡಾಲರ್ ಆಗುತ್ತದೆ. ಬಾಡಿಗೆ ಕಟ್ಟಿದ ಮೇಲೆ ಅಷ್ಟೂ ಉಳಿಯದ ಮನೆಗಳು ಆ ದೇಶಗಳಲ್ಲಿಯೂ ಇವೆ.

ಉಪ್ಪುಖಾರ (ಉತ್ತರ)

ಅಳತೆಗೋಲು ಅವರ ವಿವರಣೆಗೆ ಒಂದು ತಿದ್ದುಪಡಿ ಮತ್ತು ಒಂದು ಸೇರ್ಪಡೆ.

ಮೊದಲು ತಿದ್ದುಪಡಿ. ಆರೋಗ್ಯಕರ ಎಂದೊಡನೆ ಸೊಪ್ಪು ಮತ್ತು ಹಣ್ಣನ್ನು ಮಾತ್ರ ಉದಾಹರಿಸುವುದರಿಂದ ಚರ್ಚೆ ವಾಲಿಬಿಡುತ್ತದೆ. ಒಣ ಬೇಳೆಕಾಳುಗಳಲ್ಲಿ ನೂರು ಗ್ರಾಂಗೆ ಸುಮಾರು 340 ಕ್ಯಾಲರಿಯೂ ಇಪ್ಪತ್ತು ಗ್ರಾಂಗಿಂತ ಹೆಚ್ಚು ಪ್ರೋಟೀನೂ ಇರುತ್ತವೆ. ತವುಡು ತೆಗೆಯದ ಧಾನ್ಯಗಳಲ್ಲಿಯೂ ಕ್ಯಾಲರಿ ಅಷ್ಟೇ ಇರುತ್ತದೆ. ಇವು ಒಣಗಿದ ಪದಾರ್ಥಗಳು, ತಿಂಗಳುಗಟ್ಟಲೆ ಕೆಡುವುದಿಲ್ಲ, ಸಾಗಿಸಲು ತಂಪುಪೆಟ್ಟಿಗೆ ಬೇಕಿಲ್ಲ. ಯಾವ ಅಳತೆಯಿಂದ ಭಾಗಿಸಿದರೂ ಪೊಟ್ಟಣದ ಸಿದ್ಧ ತಿನಿಸುಗಳ ಎದುರು ಇವು ಸೋಲುವುದು ಅಪರೂಪ. ಆದ್ದರಿಂದ ಒಳ್ಳೆಯ ಊಟದ ತಳಹದಿ ಅಗ್ಗವಾಗಿಯೇ ಇದೆ, ದುಬಾರಿಯಾಗುವುದು ಅದರ ಮೇಲಿನ ತಾಜಾ ಭಾಗ, ಅಂದರೆ ಹಣ್ಣು, ತರಕಾರಿ, ಹಾಲು, ಮೀನು, ಬೀಜಗಳು. ಈ ಎರಡನ್ನೂ ಬೇರೆಬೇರೆ ಸಾಲಿನಲ್ಲಿ ಬರೆಯದ ಲೆಕ್ಕ ನಿಮಗೆ ಏನನ್ನೂ ಹೇಳುವುದಿಲ್ಲ.

ಈಗ ಸೇರ್ಪಡೆ. ಕ್ಯಾಲರಿಯ ಲೆಕ್ಕವು ಎರಡೂ ಬಗೆಯ ಊಟದಲ್ಲಿ ನಾವು ಸಮನಾಗಿ ತಿಂದು ಎದ್ದೇಳುತ್ತೇವೆ ಎಂದು ಭಾವಿಸಿಕೊಳ್ಳುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗ ಈ ಭಾವನೆಯನ್ನು ಅಲುಗಾಡಿಸಿತು. ಇಪ್ಪತ್ತು ಮಂದಿಯನ್ನು ಸಂಶೋಧನಾ ಆಸ್ಪತ್ರೆಯಲ್ಲೇ ಇರಿಸಿಕೊಂಡು, ಎರಡು ವಾರ ಅತಿಸಂಸ್ಕರಿತ ಆಹಾರವನ್ನೂ (ಅಂದರೆ ಕಾರ್ಖಾನೆಯಲ್ಲಿ ರೂಪಿಸಿದ ಸಿದ್ಧ ಆಹಾರ) ಎರಡು ವಾರ ಸಂಸ್ಕರಿಸದ ಆಹಾರವನ್ನೂ ಬಡಿಸಿದರು. ಬಡಿಸಿದ ಊಟಗಳಲ್ಲಿ ಕ್ಯಾಲರಿ, ಸಕ್ಕರೆ, ಕೊಬ್ಬು, ನಾರು, ಸೋಡಿಯಂ (ಉಪ್ಪಿನಲ್ಲಿರುವ ಅಂಶ) ಇವುಗಳ ಪ್ರಮಾಣವನ್ನು ಹೊಂದಿಸಲಾಗಿತ್ತು, ಮತ್ತು ಎಷ್ಟು ಬೇಕಾದರೂ ತಿನ್ನಬಹುದು, ಸಾಕೆನಿಸಿದಾಗ ಬಿಡಬಹುದು ಎಂದು ಹೇಳಲಾಗಿತ್ತು. ಅತಿಸಂಸ್ಕರಿತ ಆಹಾರದ ಸರದಿಯಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು, ಬೇಗ ಬೇಗ ತಿಂದರು, ಸುಮಾರು 0.9 ಕಿಲೋ ತೂಕ ಹೆಚ್ಚಿಸಿಕೊಂಡರು. ಇನ್ನೊಂದು ಸರದಿಯಲ್ಲಿ ಅಷ್ಟೇ ತೂಕ ಇಳಿಯಿತು.

ಅದೇ ಪ್ರಬಂಧದಲ್ಲಿ ಬೆಲೆಯ ಒಂದು ಸಾಲೂ ಇದೆ, ಅದನ್ನು ಯಾರೂ ಹೆಚ್ಚು ಉಲ್ಲೇಖಿಸುವುದಿಲ್ಲ. ದಿನಕ್ಕೆ 2,000 ಕ್ಯಾಲರಿಯಂತೆ ವಾರದ ಪದಾರ್ಥಗಳಿಗೆ ಅತಿಸಂಸ್ಕರಿತ ಊಟದಲ್ಲಿ 106 ಡಾಲರ್, ಸಂಸ್ಕರಿಸದ ಊಟದಲ್ಲಿ 151 ಡಾಲರ್ ತಗುಲಿತ್ತು. ಮೇಲ್ನೋಟಕ್ಕೆ ಅಂತರ 45 ಡಾಲರ್. ಆದರೆ 2,000 ಕ್ಯಾಲರಿ ಸಾಕಾಗುವ ಒಬ್ಬ ವ್ಯಕ್ತಿ ಮೊದಲನೆಯ ಊಟದಲ್ಲಿ 2,500 ತಿಂದುಬಿಟ್ಟರೆ ಅವನ ವಾರದ ಖರ್ಚು 132 ಡಾಲರಿಗೆ ಏರುತ್ತದೆ, ಅಂತರ 19ಕ್ಕೆ ಇಳಿಯುತ್ತದೆ. ಅಗ್ಗದ ಊಟದ ಉಳಿತಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೀಗೆ ಹೊಟ್ಟೆಯೊಳಗೇ ಕರಗುತ್ತದೆ. ಇದು ನನ್ನ ಒರಟು ಗುಣಾಕಾರವೇ ಹೊರತು ಆ ಪ್ರಬಂಧದ ತೀರ್ಮಾನವಲ್ಲ. ಪ್ರಯೋಗ ಚಿಕ್ಕದು, ಅವಧಿಯೂ ಚಿಕ್ಕದು ಎಂಬುದನ್ನು ಮರೆಯಬಾರದು. ಆದರೂ ದಿಕ್ಕು ಸ್ಪಷ್ಟವಾಗಿದೆ: ಪೊಟ್ಟಣದ ಮೇಲಿನ ಬೆಲೆಯನ್ನು ನೋಡಿದರೆ ಸಾಲದು, ಆ ಪೊಟ್ಟಣ ಎಷ್ಟು ಬೇಗ ಖಾಲಿಯಾಗುತ್ತದೆ ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು.

ರಾತ್ರಿಪಾಳಿ (ಉತ್ತರ)

ಮೇಲಿನ ಎರಡೂ ಉತ್ತರಗಳಲ್ಲಿ ಅಡುಗೆ ತಾನಾಗಿಯೇ ಆಗಿಬಿಡುತ್ತದೆ. ಆಸ್ಪತ್ರೆಯ ಪ್ರಯೋಗದಲ್ಲಿ ಬೇಯಿಸಿದವರು ಅಲ್ಲಿನ ಅಡುಗೆಯವರು, ಪಾತ್ರೆ ತೊಳೆದವರೂ ಅವರೇ. 151 ಡಾಲರಿನಲ್ಲಿ ಅವರ ಹೊತ್ತು ಸೇರಿಲ್ಲ.

ಬೇಳೆಕಾಳು ಅಗ್ಗವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ಹಿಂದಿನ ದಿನವೇ ನೆನೆಹಾಕಬೇಕೆಂದು ನೆನಪಿರಬೇಕು, ಬೇಯಿಸಲು ಒಲೆ ಮತ್ತು ಉರುವಲು ಇರಬೇಕು, ಬೇಯುವಷ್ಟು ಹೊತ್ತು ಮನೆಯಲ್ಲಿ ಯಾರಾದರೂ ಇರಬೇಕು, ಮಿಕ್ಕದ್ದನ್ನು ಇಡಲು ತಂಪುಪೆಟ್ಟಿಗೆ ಬೇಕು, ಮತ್ತು ಒಟ್ಟಿಗೆ ಹೆಚ್ಚು ಕೊಂಡರೆ ಮಾತ್ರ ಅಗ್ಗವಾಗುವುದರಿಂದ ತಿಂಗಳ ಮೊದಲಲ್ಲೇ ಕೈಯಲ್ಲಿ ಹಣವಿರಬೇಕು. ಎರಡು ಕಡೆ ದುಡಿಯುವವರಿಗೆ, ಕೋಣೆಯೊಂದನ್ನು ಹಂಚಿಕೊಂಡು ಇರುವವರಿಗೆ, ಪಾಳಿ ಬದಲಾಗುತ್ತಲೇ ಇರುವವರಿಗೆ ಇವುಗಳಲ್ಲಿ ಒಂದಲ್ಲ ಒಂದು ಇರುವುದಿಲ್ಲ. ಪೊಟ್ಟಣದ ಆಹಾರ ಮಾರುವವರು ವಾಸ್ತವವಾಗಿ ಮಾರುವುದು ಈ ಹೊತ್ತನ್ನೇ, ಮತ್ತು ಅದನ್ನು ಬಹಳ ಕಡಿಮೆ ದರಕ್ಕೆ ಮಾರುತ್ತಾರೆ ಎಂಬುದನ್ನು ಒಪ್ಪಿಕೊಳ್ಳದೆ ಅವರೊಡನೆ ವಾದಿಸುವುದು ವ್ಯರ್ಥ.

ಅಡುಗೆಯ ಹೊತ್ತಿಗೆ ಬೆಲೆ ಕಟ್ಟುವ ಕ್ರಮದ ಬಗ್ಗೆ ಒಂದು ಎಚ್ಚರಿಕೆ. ಗಂಟೆಯ ಕೂಲಿಯಿಂದ ಗುಣಿಸಿದರೆ ಮನೆಯೂಟ ಯಾವಾಗಲೂ ದುಬಾರಿಯೆನಿಸುತ್ತದೆ, ಏಕೆಂದರೆ ಆ ಗಂಟೆಯನ್ನು ಅಡುಗೆಗೆ ಕೊಡದಿದ್ದರೆ ಕೂಲಿ ಸಿಗುತ್ತಿತ್ತು ಎಂದು ಅದು ಊಹಿಸುತ್ತದೆ. ಹೆಚ್ಚಿನವರಿಗೆ ಸಂಜೆಯ ಒಂದು ಗಂಟೆಯನ್ನು ಮಾರಿಕೊಳ್ಳಲು ಗಿರಾಕಿ ಇರುವುದಿಲ್ಲ. ಸೊನ್ನೆಯಿಂದ ಗುಣಿಸುವುದೂ ತಪ್ಪೇ, ಅದು ಸಂಬಳವಿಲ್ಲದೆ ಬೇಯಿಸುವವರ, ಅಂದರೆ ಬಹುತೇಕ ಮನೆಗಳಲ್ಲಿ ಹೆಂಗಸರ, ದುಡಿಮೆಯನ್ನು ಉಚಿತವೆಂದು ಬರೆದಂತೆ. ಮನೆಯೂಟ ಅಗ್ಗವೆಂದು ಸಾಧಿಸುವ ಬಹಳಷ್ಟು ಲೇಖನಗಳು ಈ ಸೊನ್ನೆಯ ಮೇಲೆ ನಿಂತಿವೆ. ನನ್ನ ಅಭಿಪ್ರಾಯದಲ್ಲಿ ಹೊತ್ತನ್ನು ಹಣವಾಗಿ ಪರಿವರ್ತಿಸದೆ ಪಕ್ಕದಲ್ಲಿ ಇನ್ನೊಂದು ಸಾಲಾಗಿ, ಯಾರ ಹೊತ್ತು ಎಂಬುದನ್ನೂ ಸೇರಿಸಿ, ನಿಮಿಷಗಳಲ್ಲೇ ಬರೆಯುವುದು ಪ್ರಾಮಾಣಿಕವಾದದ್ದು.

ಎಸೆಯುವ ಆಹಾರದ ಬಗ್ಗೆಯೂ ಕೇಳಿದ್ದೀರಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ, 2022ರಲ್ಲಿ ಅಂಗಡಿ, ಹೋಟೆಲು ಮತ್ತು ಮನೆಗಳಲ್ಲಿ ಒಟ್ಟು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು, ಅದರಲ್ಲಿ ಸುಮಾರು ಶೇಕಡ 60 ಮನೆಗಳಲ್ಲೇ ಆದದ್ದು. ಕೆಡುವ ಪದಾರ್ಥಗಳು ಯಾವುವೆಂದು ನೋಡಿದರೆ ಆರೋಗ್ಯಕರ ಪಟ್ಟಿಯಲ್ಲಿರುವವೇ ಹೆಚ್ಚು. ಬಿಸ್ಕತ್ತು ಕೊಳೆಯುವುದಿಲ್ಲ. ಆದ್ದರಿಂದ ತರಕಾರಿಯ ಬೆಲೆಯನ್ನು ಬರೆಯುವಾಗ ಕೊಂಡ ತೂಕದಿಂದಲ್ಲ, ತಿಂದ ತೂಕದಿಂದ ಭಾಗಿಸಬೇಕು.

ಮಕ್ಕಳಿರುವ ಮನೆಯಲ್ಲಿ ಈ ಬಾಬು ಇನ್ನೂ ದೊಡ್ಡದು. ಸಮಾಜಶಾಸ್ತ್ರಜ್ಞೆ ಕೇಟ್ಲಿನ್ ಡೇನಿಯಲ್ ಅವರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಮಕ್ಕಳು ಹೊಸ ರುಚಿಯೊಂದನ್ನು ಒಪ್ಪಿಕೊಳ್ಳುವ ಮೊದಲು ಎಂಟರಿಂದ ಹದಿನೈದು ಸಲ ಅದನ್ನು ಅವರ ಮುಂದೆ ಇಡಬೇಕಾಗಬಹುದು ಎಂಬುದು ಮಕ್ಕಳ ಆಹಾರದ ಬಗ್ಗೆ ಮೊದಲೇ ತಿಳಿದಿದ್ದ ವಿಷಯ. ಅಷ್ಟು ಸಲ ತಟ್ಟೆಯಲ್ಲಿ ಉಳಿಯುವ ಆಹಾರದ ಬೆಲೆಯನ್ನು ಭರಿಸಬಲ್ಲ ತಂದೆತಾಯಿಯರು ಪ್ರಯತ್ನ ಮುಂದುವರಿಸುತ್ತಾರೆ, ಭರಿಸಲಾರದವರು ಮಗು ತಿಂದೇ ತಿನ್ನುತ್ತದೆ ಎಂದು ಖಾತ್ರಿಯಿರುವುದನ್ನು ಕೊಳ್ಳುತ್ತಾರೆ ಎಂದು ಡೇನಿಯಲ್ ತೋರಿಸಿದರು. ಅಂಗಡಿಯ ರಸೀದಿಯನ್ನು ಮಾತ್ರ ನೋಡುವ ಸಂಶೋಧಕರಿಗೆ ಈ ಖರ್ಚು ಕಾಣುವುದೇ ಇಲ್ಲ, ಏಕೆಂದರೆ ಬಡ ತಾಯಿ ಆ ಹಣವನ್ನು ಖರ್ಚು ಮಾಡಿಯೇ ಇರುವುದಿಲ್ಲ. ಆಕೆಗೆ ಪೌಷ್ಟಿಕತೆಯ ಪಾಠ ಹೇಳಿದರೆ ಆಕೆಗೆ ಮೊದಲೇ ಗೊತ್ತಿರುವುದನ್ನು ಹೇಳಿದಂತಾಗುತ್ತದೆ, ಅಷ್ಟೇ.

ಮನೆಲೆಕ್ಕ

ಮೂವರಿಗೂ ಕೃತಜ್ಞತೆಗಳು. ತಿಂದ ತೂಕದಿಂದ ಭಾಗಿಸುವ ಮತ್ತು ಹೊತ್ತನ್ನು ಪ್ರತ್ಯೇಕ ಸಾಲಿನಲ್ಲಿ ಬರೆಯುವ ಸಲಹೆಗಳನ್ನು ಅಳವಡಿಸಿಕೊಳ್ಳುತ್ತೇನೆ. ಕಾಯಿಲೆಯ ಖರ್ಚಿನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಇಂದು ಉಳಿಸಿದ್ದನ್ನು ನಾಳೆ ವೈದ್ಯರಿಗೆ ಕೊಡುತ್ತೀರಿ ಎಂಬ ಮಾತು ಕೇಳಲು ಚೆನ್ನಾಗಿದೆ, ಆದರೆ ಲೆಕ್ಕದ ಪುಸ್ತಕದಲ್ಲಿ ಅದನ್ನು ಎಲ್ಲಿ, ಎಷ್ಟೆಂದು ಬರೆಯುವುದು?

ಹಳೆಯಖಾತೆ (ಉತ್ತರ)

ಒಂದು ಮನೆಯ ಪುಸ್ತಕದಲ್ಲಿ ಅದನ್ನು ಬರೆಯಲು ಆಗುವುದಿಲ್ಲ ಎಂಬುದೇ ನನ್ನ ಉತ್ತರ. ದೇಶದ ಪುಸ್ತಕದಲ್ಲಿ ಬರೆಯಬಹುದು, ಮತ್ತು ಬರೆಯಲೇಬೇಕು.

ದೊಡ್ಡ ಅಂಕಿಯಿಂದ ಆರಂಭಿಸುತ್ತೇನೆ. ಆಹಾರ ಮತ್ತು ಕೃಷಿ ಸಂಸ್ಥೆ 2023ರಲ್ಲಿ 154 ದೇಶಗಳ ಆಹಾರ ವ್ಯವಸ್ಥೆಯ ಮರೆಯ ವೆಚ್ಚಗಳನ್ನು, ಅಂದರೆ ಅಂಗಡಿಯ ಬೆಲೆಯಲ್ಲಿ ಕಾಣದ ವೆಚ್ಚಗಳನ್ನು, ಒಟ್ಟುಗೂಡಿಸಿತು. ಡಾಲರಿನ ಕೊಳ್ಳುವ ಶಕ್ತಿಯನ್ನು ಎಲ್ಲ ದೇಶಗಳಿಗೂ ಸರಿದೂಗಿಸಿ ನೋಡಿದಾಗ ಅದು 2020ರಲ್ಲಿ ಕನಿಷ್ಠ ಹತ್ತು ಲಕ್ಷ ಕೋಟಿ ಡಾಲರ್, ಜಗತ್ತಿನ ಒಟ್ಟು ಉತ್ಪನ್ನದ ಸುಮಾರು ಹತ್ತನೆಯ ಒಂದು ಭಾಗ. ಅದರಲ್ಲಿ ಶೇಕಡ 70ಕ್ಕಿಂತ ಹೆಚ್ಚು ಪಾಲು ಅನಾರೋಗ್ಯಕರ ಆಹಾರಕ್ರಮದ್ದು. ಗಮನಿಸಬೇಕಾದ ಸಂಗತಿಯೆಂದರೆ ಆ ಪಾಲು ಆಸ್ಪತ್ರೆಯ ಬಿಲ್ಲುಗಳ ಮೊತ್ತವಲ್ಲ. ಬೊಜ್ಜು, ಹೃದ್ರೋಗ, ಮಧುಮೇಹಗಳಿಂದ ಜನ ದುಡಿಯಲಾರದೆ ಹೋದದ್ದರ ನಷ್ಟ. ನಾಳೆ ವೈದ್ಯರಿಗೆ ಕೊಡುತ್ತೀರಿ ಎನ್ನುವವರು ನಾಳೆ ದುಡಿಯಲಾರಿರಿ ಎಂದಿದ್ದರೆ ಸತ್ಯಕ್ಕೆ ಹೆಚ್ಚು ಹತ್ತಿರವಾಗುತ್ತಿತ್ತು.

ಇದನ್ನು ಒಂದು ಮನೆಗೆ ಇಳಿಸುವುದು ಏಕೆ ಕಷ್ಟವೆಂದರೆ, ಮೊದಲನೆಯದಾಗಿ ಕಾಯಿಲೆ ಬರುವುದು ಸಂಭವವೇ ಹೊರತು ನಿಶ್ಚಯವಲ್ಲ. ಎರಡನೆಯದಾಗಿ, ಬಂದಾಗ ಆ ಖರ್ಚನ್ನು ಹೊರುವವರು ಯಾರೆಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಕೆಲವೆಡೆ ಸರಕಾರ, ಕೆಲವೆಡೆ ವಿಮಾದಾರರು, ಹಲವೆಡೆ ಮನೆಯವರೇ ಭರಿಸುತ್ತಾರೆ. ಮೂರನೆಯದು ಕಾಲ. ಇಪ್ಪತ್ತು ವರ್ಷಗಳ ನಂತರದ ನೂರು ನಾಣ್ಯ ಇಂದಿನ ನೂರಕ್ಕೆ ಸಮವಲ್ಲ ಎಂಬುದು ಬಡ್ಡಿಯ ಸರಳ ಗಣಿತ, ಮತ್ತು ಕೈಯಲ್ಲಿ ಉಳಿತಾಯವಿಲ್ಲದವರಿಗೆ, ಸಾಲಕ್ಕೆ ಹೆಚ್ಚು ಬಡ್ಡಿ ತೆರುವವರಿಗೆ, ಅದು ಇನ್ನೂ ಬಹಳ ಚಿಕ್ಕದಾಗಿ ಕಾಣುತ್ತದೆ. ಅವರನ್ನು ಮುಂದಾಲೋಚನೆ ಇಲ್ಲದವರೆಂದು ದೂರುವ ಬದಲು, ಅವರ ಬಡ್ಡಿದರದಲ್ಲಿ ನಾವೇ ಒಮ್ಮೆ ಲೆಕ್ಕ ಹಾಕಿದರೆ ನಮಗೂ ಅದೇ ಉತ್ತರ ಬರುತ್ತದೆ.

ಹೀಗೆ ಕೊಳ್ಳುವವರೂ ಮಾರುವವರೂ ತೆರದ ವೆಚ್ಚವನ್ನು ಬೆಲೆಯೊಳಕ್ಕೆ ತರಲು ಸರಕಾರಗಳು ಪ್ರಯತ್ನಿಸಿವೆ. ಮೆಕ್ಸಿಕೊ 2014ರಲ್ಲಿ ಸಕ್ಕರೆ ಬೆರೆಸಿದ ಪಾನೀಯಗಳ ಮೇಲೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿತು. ಬ್ರಿಟನ್ 2016ರಲ್ಲಿ ಘೋಷಿಸಿ 2018ರ ಏಪ್ರಿಲ್‌ನಲ್ಲಿ ಜಾರಿಗೆ ತಂದ ಸುಂಕ ಇನ್ನಷ್ಟು ಜಾಣತನದ್ದು: ನೂರು ಮಿಲಿಲೀಟರಿಗೆ ಐದು ಗ್ರಾಂಗಿಂತ ಕಡಿಮೆ ಸಕ್ಕರೆ ಇದ್ದರೆ ಸುಂಕವೇ ಇಲ್ಲ, ಐದರಿಂದ ಎಂಟರವರೆಗೆ ಒಂದು ದರ, ಎಂಟು ಮತ್ತು ಮೇಲ್ಪಟ್ಟರೆ ಹೆಚ್ಚಿನ ದರ. ಘೋಷಣೆಗೂ ಜಾರಿಗೂ ನಡುವಿನ ಎರಡು ವರ್ಷಗಳಲ್ಲಿ ಅನೇಕ ತಯಾರಕರು ತಮ್ಮ ಪಾನೀಯಗಳ ಸಕ್ಕರೆಯನ್ನು ತಾವಾಗಿಯೇ ಇಳಿಸಿದರು. ಕೊಳ್ಳುವವರು ಏನನ್ನೂ ಬದಲಿಸದೆಯೇ ಕಡಿಮೆ ಸಕ್ಕರೆ ಕುಡಿಯುವಂತಾಯಿತು. ಡೆನ್ಮಾರ್ಕ್ 2003ರಲ್ಲಿ ಕೈಗಾರಿಕಾ ಟ್ರಾನ್ಸ್ ಕೊಬ್ಬಿಗೆ (ಎಣ್ಣೆಯನ್ನು ಗಟ್ಟಿಯಾಗಿಸುವಾಗ ಉಂಟಾಗುವ, ಹೃದಯಕ್ಕೆ ಹಾನಿಕರವಾದ ಕೊಬ್ಬಿಗೆ) ಮಿತಿ ಹೇರಿದಾಗ ಆದದ್ದೂ ಇದೇ ಬಗೆಯ ಬದಲಾವಣೆ. ತೆರಿಗೆಯ ಹೊರೆ ಬಡವರ ಮೇಲೆ ಹೆಚ್ಚು ಬೀಳುತ್ತದೆ ಎಂಬ ಆಕ್ಷೇಪಕ್ಕೆ ತೂಕವಿದೆ, ಆದರೆ ಬ್ರಿಟನ್ನಿನ ಮಾದರಿಯಲ್ಲಿ ತೆರಿಗೆಯಿಂದ ತಪ್ಪಿಸಿಕೊಳ್ಳುವ ದಾರಿಯನ್ನು ತಯಾರಕರಿಗೇ ತೋರಿಸಿದ್ದರಿಂದ ಆ ಹೊರೆ ಬಹಳಷ್ಟು ಹಗುರಾಯಿತು.

ಇನ್ನು ಮನೆಯ ಮಟ್ಟಕ್ಕೆ ಬಂದರೆ, ರೋಗದ ಹೊರೆಯ ಜಾಗತಿಕ ಅಧ್ಯಯನದ ಒಂದು ಫಲಿತಾಂಶ ನಿಮಗೆ ಉಪಯೋಗಕ್ಕೆ ಬರುತ್ತದೆ. 2017ರಲ್ಲಿ ಜಗತ್ತಿನಲ್ಲಿ ಸುಮಾರು ಒಂದು ಕೋಟಿ ಹತ್ತು ಲಕ್ಷ ಸಾವುಗಳು ಆಹಾರಕ್ರಮಕ್ಕೆ ಸಂಬಂಧಿಸಿದ್ದವೆಂದೂ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮೂರು ಸಂಗತಿಗಳಿಂದ, ಅಂದರೆ ಹೆಚ್ಚಿನ ಸೋಡಿಯಂ, ಇಡಿಧಾನ್ಯದ ಕೊರತೆ ಮತ್ತು ಹಣ್ಣಿನ ಕೊರತೆಯಿಂದ ಆದವೆಂದೂ ಅದು ಅಂದಾಜು ಮಾಡಿತು. ಈ ಮೂರರಲ್ಲಿ ಉಪ್ಪನ್ನು ಕಡಿಮೆ ಮಾಡಲು ಹಣ ಬೇಕಿಲ್ಲ. ಇಡಿಧಾನ್ಯಕ್ಕೆ ಸ್ವಲ್ಪ ಬೇಕು. ನಿಜವಾಗಿ ಕೈ ಸುಡುವುದು ಹಣ್ಣು ಮಾತ್ರ. ಕಾಯಿಲೆಯ ಖರ್ಚನ್ನು ಅಂಕಿಯಾಗಿ ಬರೆಯುವ ಬದಲು, ಹೆಚ್ಚುವರಿ ಹಣ ಇರುವಷ್ಟನ್ನು ಮೊದಲು ಯಾವ ಸಾಲಿಗೆ ಕೊಡಬೇಕು ಎಂದು ನಿರ್ಧರಿಸಲು ಇದನ್ನು ಬಳಸಿ.

ಉಪ್ಪುಖಾರ

ಹಳೆಯಖಾತೆ ಅವರು ಉಪ್ಪಿನ ಮಾತೆತ್ತಿದ್ದರಿಂದ ಒಂದು ವಿಷಯ ಹೇಳಬೇಕೆನಿಸಿತು. ಸಂಸ್ಕರಿತ ಎಂಬ ಒಂದೇ ಮೂಟೆಯಲ್ಲಿ ಎಲ್ಲವನ್ನೂ ಕಟ್ಟಿದರೆ ಮನೆಲೆಕ್ಕ ಅವರ ಹೋಲಿಕೆ ಮತ್ತೆ ಕೆಡುತ್ತದೆ. ಬ್ರೆಜಿಲಿನ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೊಸ್ ಮೊಂಟೇರೊ ಮತ್ತು ಸಂಗಡಿಗರು ರೂಪಿಸಿದ ನೋವಾ ವರ್ಗೀಕರಣದಲ್ಲಿ ನಾಲ್ಕು ಗುಂಪುಗಳಿವೆ: ಸಂಸ್ಕರಿಸದ ಅಥವಾ ಕನಿಷ್ಠ ಸಂಸ್ಕರಿಸಿದ ಆಹಾರ, ಎಣ್ಣೆ ಉಪ್ಪು ಸಕ್ಕರೆಯಂಥ ಅಡುಗೆಯ ಸಾಮಗ್ರಿ, ಇವೆರಡನ್ನು ಸೇರಿಸಿ ಮಾಡಿದ ಸಂಸ್ಕರಿತ ಆಹಾರ, ಮತ್ತು ಮನೆಯ ಅಡುಗೆಯಲ್ಲಿ ಬಳಸದ ಪದಾರ್ಥಗಳಿಂದ ಕಾರ್ಖಾನೆಯಲ್ಲಿ ರೂಪಿಸಿದ ಅತಿಸಂಸ್ಕರಿತ ಆಹಾರ. ಹೆಪ್ಪುಗಟ್ಟಿಸಿದ ತರಕಾರಿ, ಪ್ಯಾಶ್ಚರೀಕರಿಸಿದ ಹಾಲು ಮೊದಲನೆಯ ಗುಂಪಿಗೇ ಸೇರುತ್ತವೆ. ಡಬ್ಬಿಯಲ್ಲಿ ಬೇಯಿಸಿಟ್ಟ ಕಾಳು ಮೂರನೆಯದಕ್ಕೆ ಸೇರುತ್ತದೆ, ಮತ್ತು ರಾತ್ರಿಪಾಳಿ ಅವರು ಹೇಳಿದ ನೆನೆಹಾಕುವ, ಬೇಯಿಸುವ ಹೊತ್ತನ್ನು ಅದು ಉಳಿಸಿಕೊಡುತ್ತದೆ. ಅದರ ನೀರನ್ನು ಚೆಲ್ಲಿ ತೊಳೆದರೆ ಉಪ್ಪೂ ಒಂದಷ್ಟು ಹೋಗುತ್ತದೆ. ಅಷ್ಟೇಕೆ, ಸ್ವಿಟ್ಸರ್ಲೆಂಡ್ 1922ರಲ್ಲಿ, ಅಮೆರಿಕ 1924ರಲ್ಲಿ ಉಪ್ಪಿಗೆ ಅಯೋಡಿನ್ ಸೇರಿಸತೊಡಗಿದ ಮೇಲೆ ಗಳಗಂಡ ರೋಗ ಹಿಮ್ಮೆಟ್ಟಿದ್ದು ಕಾರ್ಖಾನೆಯ ಸಂಸ್ಕರಣೆಯಿಂದಲೇ, ಅದೂ ಅತ್ಯಲ್ಪ ವೆಚ್ಚದಲ್ಲಿ.

ಇದರ ಇನ್ನೊಂದು ಮುಖವೂ ಇದೆ. ಆರೋಗ್ಯದ ಹೆಸರಿನಲ್ಲಿ ಮಾರುವ ಪೌಷ್ಟಿಕ ಬಾರು, ಪ್ರೋಟೀನ್ ಪುಡಿ, ಅದ್ಭುತ ಗುಣಗಳ ಬೀಜಗಳು, ಪೊಟ್ಟಣದ ಮೇಲೆ ಹಸಿರು ಎಲೆಯ ಚಿತ್ರವಿರುವ ಕುರುಕಲು ತಿನಿಸು, ಇವುಗಳ ಬೆಲೆಯನ್ನು ಆರೋಗ್ಯಕರ ಊಟದ ಬಾಬಿನಲ್ಲಿ ಬರೆದರೆ ಆ ಊಟ ದುಬಾರಿಯಾಗದೆ ಏನಾದೀತು? ಇವುಗಳಲ್ಲಿ ಹಲವು ನೋವಾದ ನಾಲ್ಕನೆಯ ಗುಂಪಿಗೇ ಬರುತ್ತವೆ. ಮನೆಲೆಕ್ಕ ಅವರು ತಮ್ಮ ಹಳೆಯ ರಸೀದಿಗಳಿಂದ ಇವನ್ನು ಹೊರತೆಗೆದು ಮತ್ತೊಮ್ಮೆ ಕೂಡಬೇಕೆಂದು ಸೂಚಿಸುತ್ತೇನೆ.

ಅಳತೆಗೋಲು

ಉಪ್ಪುಖಾರ ಅವರ ತಿದ್ದುಪಡಿಯನ್ನು ಒಪ್ಪುತ್ತೇನೆ. ಮನೆಲೆಕ್ಕ ಅವರು ಬರೆಯಬೇಕಾದ ಸಾಲುಗಳು ಹೀಗಿದ್ದರೆ ಸಾಕೆಂದು ತೋರುತ್ತದೆ. ಒಣ ಧಾನ್ಯ, ಕಾಳು, ಎಣ್ಣೆಗಳನ್ನು ಕ್ಯಾಲರಿಯಿಂದ ಭಾಗಿಸಿ, ಏಕೆಂದರೆ ಅವುಗಳನ್ನು ಕೊಳ್ಳುವುದು ಹೊಟ್ಟೆ ತುಂಬಲು. ಹಣ್ಣು ತರಕಾರಿಗಳನ್ನು ತಿಂದ ತೂಕದಿಂದ ಭಾಗಿಸಿ, 400 ಗ್ರಾಂಗೆ ಎಷ್ಟಾಯಿತೆಂದು ನೋಡಿ. ಮೊಟ್ಟೆ, ಹಾಲು, ಮೀನು, ಮಾಂಸಗಳನ್ನು ಪ್ರೋಟೀನಿನ ಗ್ರಾಂನಿಂದ ಭಾಗಿಸಿ, ಕಾಳುಗಳನ್ನು ಇಲ್ಲಿಯೂ ಇನ್ನೊಮ್ಮೆ ಬರೆಯಿರಿ. ಪಾನೀಯ ಮತ್ತು ಕುರುಕಲುಗಳನ್ನು ಯಾವುದರಿಂದಲೂ ಭಾಗಿಸಬೇಡಿ, ತಿಂಗಳ ಮೊತ್ತವನ್ನಷ್ಟೇ ಬರೆಯಿರಿ. ಅವು ಯಾವ ಊಟದ ಜಾಗವನ್ನೂ ತುಂಬದೆ ಮೇಲಿಂದ ಸೇರಿಕೊಳ್ಳುವ ಖರ್ಚಾಗಿರುವುದರಿಂದ, ಎಷ್ಟೋ ಮನೆಗಳಲ್ಲಿ ಹಣ್ಣಿಗೆ ಬೇಕಾದ ಹಣ ಆ ಒಂದೇ ಸಾಲಿನಲ್ಲಿ ಅಡಗಿರುತ್ತದೆ.

ಮನೆಲೆಕ್ಕ

ಈ ಕ್ರಮ ಸ್ಪಷ್ಟವಾಗಿದೆ. ಒಂದು ವಿಷಯ ಮಾತ್ರ ಉಳಿಯಿತು. ಮಕ್ಕಳು ತಟ್ಟೆಯಲ್ಲಿ ಬಿಡುವುದನ್ನು ತಿಂದ ತೂಕದಿಂದ ಕಳೆದರೆ ತರಕಾರಿಯ ಬೆಲೆ ವಿಪರೀತ ಏರುತ್ತದೆ, ಕಳೆಯದಿದ್ದರೆ ಲೆಕ್ಕ ಸುಳ್ಳಾಗುತ್ತದೆ. ಹಾಗೆ ಏರಿದ ಬೆಲೆಯನ್ನು ನೋಡಿ ನಾನೇ ತರಕಾರಿ ತರುವುದನ್ನು ಕಡಿಮೆ ಮಾಡುವ ಸಾಧ್ಯತೆಯೂ ಇದೆ.

ರಾತ್ರಿಪಾಳಿ

ಅದನ್ನು ಊಟದ ಬಾಬಿನಿಂದ ತೆಗೆದು ಮಕ್ಕಳ ಕಲಿಕೆಯ ಬಾಬಿಗೆ ಹಾಕಿ, ಪುಸ್ತಕ ಮತ್ತು ಪೆನ್ಸಿಲ್ಲಿನ ಜೊತೆಗೆ. ಇದು ತಮಾಷೆಯ ಮಾತಲ್ಲ, ಏಕೆಂದರೆ ರುಚಿ ಒಮ್ಮೆ ಹಿಡಿಸಿದ ಮೇಲೆ ಆ ಖರ್ಚು ನಿಲ್ಲುತ್ತದೆ, ಊಟದ ಖರ್ಚು ನಿಲ್ಲುವುದಿಲ್ಲ. ಮತ್ತು ಅದನ್ನು ಚಿಕ್ಕದಾಗಿಸಲು ಸಾಧ್ಯವಿದೆ: ಹೊಸದನ್ನು ಪರಿಚಯಿಸುವಾಗ ಒಂದು ಚಮಚಕ್ಕಿಂತ ಹೆಚ್ಚು ಬಡಿಸಬೇಡಿ, ದೊಡ್ಡವರು ತಿನ್ನುವುದರಿಂದಲೇ ತೆಗೆದು ಬಡಿಸಿ, ಮಕ್ಕಳಿಗೆಂದು ಬೇರೆ ಕೊಳ್ಳಬೇಡಿ. ಹೆಪ್ಪುಗಟ್ಟಿಸಿದ ತರಕಾರಿ ಈ ಕೆಲಸಕ್ಕೆ ತಾಜಾದಕ್ಕಿಂತ ಅನುಕೂಲ. ಕೊಯ್ದ ಸ್ವಲ್ಪ ಹೊತ್ತಿನಲ್ಲೇ ಅದನ್ನು ಹೆಪ್ಪುಗಟ್ಟಿಸುವುದರಿಂದ ಪೋಷಕಾಂಶಗಳು ಬಹುಮಟ್ಟಿಗೆ ಉಳಿದಿರುತ್ತವೆ, ಮತ್ತು ಒಂದು ಹಿಡಿ ತೆಗೆದುಕೊಂಡು ಉಳಿದದ್ದನ್ನು ಕರಗುವ ಮೊದಲೇ ವಾಪಸ್ಸು ಇಡಬಹುದು.